ಮಂಗಳೂರಿನಲ್ಲಿ ಬಾಳಿದವರು ಮಂಗಳೂರಿನ ಬಗ್ಗೆ ಏನೆಂದರು?



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಹರವೆ, ತೆರಕಣಾಂಬಿ, ಗುಂಡ್ಲುಪೇಟೆ, ಚಾಮರಾಜನಗರದ ಎಷ್ಟೋ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗನನ್ನೋ ಮಗಳನ್ನೋ ಮಂಗಳೂರಿಗೆ ಓದಲು ಕಳಿಸೋಣವೇ, ಬೇಡವೇ? ಅಲ್ಲಿ ಇದ್ದು ಬಂದವರನ್ನು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಕಾಲೇಜು, ಆಸ್ಪತ್ರೆ, ಕೆಲಸ ಎಲ್ಲವೂ ಇದೆ, ಜನ ಮರ್ಯಾದೆಯಿಂದ ಮಾತಾಡಿಸುತ್ತಾರೆ, ಅಂಥ ಊರು ಇನ್ನೊಂದಿಲ್ಲ ಎನ್ನುವವರು ಕೆಲವರು. ಊರೇನೋ ಚೆನ್ನಾಗಿದೆ, ಆದರೆ ಯಾವತ್ತು ಏನಾಗುತ್ತದೋ ಹೇಳಲಾಗದು ಎನ್ನುವವರು ಇನ್ನು ಕೆಲವರು. ವಿಚಿತ್ರವೆಂದರೆ ಈ ಎರಡನ್ನೂ ಒಬ್ಬರೇ ಹೇಳುವುದುಂಟು.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇ. 61ರಷ್ಟು. ದಕ್ಷಿಣ ಕನ್ನಡದ್ದು ಶೇ. 88ಕ್ಕೂ ಹೆಚ್ಚು. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಇಷ್ಟು ಅಂತರವಿರುವಾಗ ಮಕ್ಕಳು ಆ ಕಡೆ ನೋಡುವುದು ಸಹಜ. ಹಾಗೆಯೇ ಟಿ.ವಿ.ಯಲ್ಲಿ ಆ ಊರಿನ ಕರ್ಫ್ಯೂ ಸುದ್ದಿ ಕಂಡ ತಾಯಿ ಹೆದರುವುದೂ ಸಹಜ. ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ: ಮಂಗಳೂರಿನ ಬಗ್ಗೆ ಈ ಎರಡು ಮಾತು ನಿನ್ನೆ ಮೊನ್ನೆಯದಲ್ಲ. ಅಲ್ಲಿ ಬಾಳಿದವರು, ಅಲ್ಲಿಗೆ ಬಂದಿಳಿದವರು ಎಂಟುನೂರು ತೊಂಬತ್ತು ವರ್ಷಗಳಿಂದ ಹೀಗೆಯೇ ಹೇಳಿಕೊಂಡು ಬಂದಿದ್ದಾರೆ. ಅವರು ಹೇಳಿದ್ದನ್ನು ಸ್ವಲ್ಪ ಕೇಳೋಣ.

ನಕ್ಷೆ ಬಿಡಿಸಿ ನೋಡಿದರೆ ಗುಂಡ್ಲುಪೇಟೆಗೆ ಹತ್ತಿರದ ದೊಡ್ಡ ಕಡಲೂರು ಮಂಗಳೂರಲ್ಲ, ಕೋಳಿಕ್ಕೋಡು. ಬಂಡೀಪುರದ ಕಾಡು ದಾಟಿ, ಸುಲ್ತಾನ್ ಬತ್ತೇರಿ ಹಾದು ಘಟ್ಟ ಇಳಿದರೆ ಸಮುದ್ರ ಸಿಗುತ್ತದೆ. ಮಂಗಳೂರಿಗಾದರೋ ಮೈಸೂರು, ಹುಣಸೂರು, ಮಡಿಕೇರಿ ಸುತ್ತಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ಹಾದು ಹೋಗಬೇಕು. ಮೈಸೂರಿನಿಂದಲೇ ಸುಮಾರು 250 ಕಿ.ಮೀ. ಆದರೂ ಭಾಷೆ, ಪರೀಕ್ಷಾ ಮಂಡಳಿ, ವಿದ್ಯಾರ್ಥಿವೇತನ ಎಲ್ಲವೂ ಒಂದೇ ರಾಜ್ಯದವಾದ್ದರಿಂದ ನಮ್ಮ ಮಕ್ಕಳ ಪಾಲಿಗೆ ಕಡಲೆಂದರೆ ಮಂಗಳೂರೇ.

ನೇತ್ರಾವತಿ ಮತ್ತು ಗುರುಪುರ ಎಂಬ ಎರಡು ನದಿಗಳು ಕೂಡಿ ಸಮುದ್ರ ಸೇರುವ ಜಾಗ ಅದು. ಹೊಳೆಯ ದಾರಿಯಲ್ಲಿ ಘಟ್ಟದ ಮೆಣಸು, ಅಕ್ಕಿ, ಅಡಕೆ ಇಳಿದು ಬರುತ್ತಿತ್ತು. ಮಳೆಗಾಲ ಮುಗಿದ ಮೇಲೆ ಪಶ್ಚಿಮದಿಂದ ಹಡಗು ಬರುತ್ತಿತ್ತು. ಸರಕು ಎಲ್ಲಿ ಸೇರುತ್ತದೋ ಅಲ್ಲಿ ಜನರೂ ಸೇರುತ್ತಾರೆ. ಕದ್ರಿಯ ಮಂಜುನಾಥ ದೇವಾಲಯದಲ್ಲಿ ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ. ಬೌದ್ಧ ಛಾಯೆಯ ಮೂರ್ತಿ ಶೈವ ಗುಡಿಯಲ್ಲಿ, ಪಕ್ಕದಲ್ಲೇ ನಾಥಪಂಥದ ಜೋಗಿ ಮಠ. ಬಂದರು ಪ್ರದೇಶದಲ್ಲಿ ಝೀನತ್ ಬಕ್ಷ್ ಮಸೀದಿ. ಹಿಜರಿ 22ರಲ್ಲಿ ಮಾಲಿಕ್ ಬಿನ್ ದೀನಾರ್ ಅವರ ಸಂಗಡಿಗರು ಅದನ್ನು ಕಟ್ಟಿದರೆಂಬುದು ಪರಂಪರೆಯ ನಂಬಿಕೆ. ಕೆತ್ತನೆಯ ಮರದ ಕಂಬಗಳ ಆ ಮಸೀದಿಯನ್ನು ಟಿಪ್ಪು ಸುಲ್ತಾನರು ಜೀರ್ಣೋದ್ಧಾರ ಮಾಡಿಸಿದರೆಂದೂ ಹೇಳುತ್ತಾರೆ.

ನಮ್ಮ ಸಂಘದ ಸದಸ್ಯರಿಗೆ ಕುತೂಹಲ ಹುಟ್ಟಿಸಬಹುದಾದ ಒಂದು ಮಾತು ಇಲ್ಲಿದೆ. ತುಳುನಾಡಿನ ಶಾಸನಗಳಲ್ಲಿ 'ನಖರ' ಎಂಬ ವರ್ತಕರ ಸಂಘದ ಜೊತೆಗೆ 'ಹಂಜಮಾನ' ಎಂಬ ಇನ್ನೊಂದು ಸಂಘದ ಹೆಸರು ಬರುತ್ತದೆ. ಅದು ಪಾರ್ಸಿ ಭಾಷೆಯ 'ಅಂಜುಮನ್' ಎಂಬ ಪದವೇ. ಕಡಲಾಚೆಯಿಂದ ಬಂದ ವರ್ತಕರ ಸಂಘಕ್ಕೆ ಆ ಹೆಸರು. ಇಂದು ಊರೂರಿನಲ್ಲಿ ಅಂಜುಮನ್ ಎಂದು ಬೋರ್ಡು ಹಾಕುವ ನಾವು, ಆ ಪದ ಕನ್ನಡದ ಕಲ್ಲಿನಲ್ಲಿ ನೂರಾರು ವರ್ಷಗಳ ಹಿಂದೆಯೇ ಕೊರೆಯಲ್ಪಟ್ಟಿತ್ತೆಂಬುದನ್ನು ಮರೆತಿದ್ದೇವೆ.

ಹದಿನೇಳು ವರ್ಷದ ಬಾಡಿಗೆದಾರ

ಮಂಗಳೂರಿನಲ್ಲಿ ಬಾಳಿ, ಅಲ್ಲಿನ ಬದುಕಿನ ಕಾಗದಪತ್ರಗಳನ್ನು ನಮಗೆ ಉಳಿಸಿಹೋದ ಮೊದಲಿಗರಲ್ಲಿ ಒಬ್ಬ ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯಾದ ಮಹ್ದಿಯಾ ಊರಿನ ಯಹೂದಿ ವರ್ತಕ. 1132ರ ಹೊತ್ತಿಗೆ ಮಂಗಳೂರಿಗೆ ಬಂದವನು 1149ರವರೆಗೆ ಈ ಕರಾವಳಿಯಲ್ಲೇ ಇದ್ದ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯವೊಂದರ ಕೋಣೆಯಲ್ಲಿ ನೂರಾರು ವರ್ಷ ಬಿದ್ದಿದ್ದವು. ಎಸ್.ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಅವುಗಳನ್ನು ಓದಿ ಅರ್ಥ ಬಿಡಿಸಿದರು. ಆಮೇಲೆ ಅಮಿತಾವ್ ಘೋಷ್ 1992ರಲ್ಲಿ ಅದನ್ನೇ ಹಿಡಿದು ಒಂದು ಪುಸ್ತಕ ಬರೆದರು. ಆ ಪತ್ರಗಳಲ್ಲಿ ಅಕ್ಷರಗಳಷ್ಟೇ ಇದ್ದ ಒಬ್ಬ ತುಳುನಾಡಿನ ದಾಸನ ಹೆಸರನ್ನು 'ಬೊಮ್ಮ' ಎಂದು ಓದುವಲ್ಲಿ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿತ್ತು.

ಈ ಬೆನ್ ಯಿಜುವಿನ ವ್ಯವಹಾರವನ್ನು ನೋಡಿ. ಭಾಷೆ ಅರಬ್ಬಿ, ಬರೆಯುವ ಲಿಪಿ ಹೀಬ್ರೂ. ಅವನ ಕಂಚಿನ ಕಾರ್ಖಾನೆಗೆ ಏಡನ್ನಿನಿಂದ ಒಡೆದ ಪಾತ್ರೆಗಳು ಬರುತ್ತಿದ್ದವು, ಇಲ್ಲಿ ಕರಗಿಸಿ ಹೊಸದು ಮಾಡಿ ಕಳಿಸುತ್ತಿದ್ದರು. ಇಲ್ಲಿಂದ ಮೆಣಸು, ಕಬ್ಬಿಣ, ಅಡಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಕಾಗದವೂ ಬರುತ್ತಿತ್ತು, ಏಕೆಂದರೆ ಮಂಗಳೂರಿನಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲ! ಸರಕು ಹೊತ್ತ ಹಡಗುಗಳಲ್ಲಿ ಮುಸ್ಲಿಂ ನಾಖುದರವೂ ಇದ್ದವು, ಹಿಂದೂ ವರ್ತಕರವೂ ಇದ್ದವು. ಏಡನ್ನಿನ ಮಿತ್ರನೊಬ್ಬ ಒಮ್ಮೆ ಬರೆದು, ಮಂಗಳೂರಿನ ಮೂವರು ವರ್ತಕರ ಹೆಸರು ಹೇಳಿ, ಅವರೊಡನೆ ಪಾಲುದಾರಿಕೆಯಲ್ಲಿ ಒಂದು ಹಡಗು ಹೊರಡಿಸೋಣವೆಂದು ಸೂಚಿಸಿದ್ದ. ದೇವರನ್ನು ಬೇರೆ ಬೇರೆ ಹೆಸರಿನಿಂದ ಕರೆಯುವ ಇವರ ನಡುವೆ ಲೆಕ್ಕದ ಪುಸ್ತಕ ಮಾತ್ರ ಒಂದೇ ಆಗಿತ್ತು.

ಹಾಗೆಂದು ಎಲ್ಲವೂ ಸುಖವೇ? ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯ ವ್ಯಕ್ತಿಯೊಬ್ಬ ಸರಕು ಕೊಡದೆ ಸತಾಯಿಸಿದ್ದು ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಡಗು ಮುಳುಗಿದ್ದು, ಹಣ ಹೋದದ್ದು ಬರುತ್ತದೆ. ಬೊಮ್ಮ ದಾಸನಾಗಿದ್ದುಕೊಂಡೇ ಏಡನ್ನಿಗೆ ಹೋಗಿ ಒಡೆಯನ ಪರವಾಗಿ ವ್ಯವಹರಿಸುತ್ತಿದ್ದ. ಮುಂದೆ ಪತ್ರಗಳಲ್ಲಿ ಅವನನ್ನು ಗೌರವದಿಂದ 'ಶೇಖ್' ಎಂದೇ ಕರೆದಿದ್ದಾರೆ. ಅಶು ಎಂಬ ದಾಸಿಯನ್ನು ಬೆನ್ ಯಿಜು 1132ರಲ್ಲಿ ಬಂಧನದಿಂದ ಬಿಡಿಸಿದ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ಆದರೆ ಆ ಊರಿನ ಬದುಕಿನ ಬಗ್ಗೆ ಬೊಮ್ಮನಿಗೆ ಏನನ್ನಿಸಿತ್ತು, ಅಶುವಿಗೆ ಏನನ್ನಿಸಿತ್ತು ಎಂದು ಯಾರೂ ಬರೆದಿಡಲಿಲ್ಲ. ವರ್ತಕನಿಗೆ ಒಳ್ಳೆಯದೆನಿಸಿದ ಊರು ದಾಸಿಗೂ ಹಾಗೆಯೇ ಕಂಡಿರಬೇಕೆಂದಿಲ್ಲ. ಒಂದು ಊರಿನ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳಿದಾಗ, ಹೇಳುತ್ತಿರುವವರು ಆ ಊರಿನ ಯಾವ ಮೆಟ್ಟಿಲಿನ ಮೇಲೆ ನಿಂತವರು ಎಂಬುದನ್ನು ನೀವು ಮೊದಲು ಕೇಳಬೇಕು.

1149ರಲ್ಲಿ ಬೆನ್ ಯಿಜು ಏಡನ್ನಿಗೆ ಮರಳಿ, ತಮ್ಮಂದಿರಿಗೆ ಪತ್ರ ಬರೆದು, ತಾನು ಹಣ, ಮಕ್ಕಳು, ಜೀವ ಎಲ್ಲದರ ಜೊತೆ ಕ್ಷೇಮವಾಗಿ ಹಿಂದಿರುಗಿದ್ದೇನೆಂದು ತಿಳಿಸಿದ. ಹದಿನೇಳು ವರ್ಷ ಪರಊರಿನಲ್ಲಿ ಬಾಳಿದ ಪರಧರ್ಮದವನೊಬ್ಬ ಹೀಗೆ ಬರೆಯಲು ಸಾಧ್ಯವಾಯಿತಲ್ಲ, ಮಂಗಳೂರಿಗೆ ಇದಕ್ಕಿಂತ ದೊಡ್ಡ ಪ್ರಶಂಸಾಪತ್ರ ನನಗಂತೂ ಕಂಡಿಲ್ಲ.

ಖಾಝಿಯ ಮಾತು, ಯಾತ್ರಿಕನ ಅನುಮಾನ

ಇನ್ನೂರು ವರ್ಷ ಕಳೆದ ಮೇಲೆ, 1342ರಲ್ಲಿ, ಮೊರಾಕ್ಕೊ ದೇಶದ ಇಬ್ನ್ ಬತೂತ ಈ ತೀರಕ್ಕೆ ಬಂದ. ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ. ಬಾರಕೂರನ್ನು ಅವನು 'ಫಾಕನೂರು' ಎಂದೂ ಮಂಗಳೂರನ್ನು 'ಮಂಜರೂರು' ಎಂದೂ ಕರೆದಿದ್ದಾನೆ. ಇಡೀ ತೀರದ ಅತಿ ದೊಡ್ಡ ಅಳಿವೆ ಇಲ್ಲಿನದು, ಫಾರಸ್ ಮತ್ತು ಯಮನ್ ದೇಶದ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲೇ, ಮೆಣಸು ಮತ್ತು ಶುಂಠಿ ಯಥೇಚ್ಛ ಎಂದು ಬರೆದಿದ್ದಾನೆ. ಅರಸನ ಹೆಸರು ರಾಮದೇವ. ಪಟ್ಟಣದ ಮಗ್ಗುಲಿನ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರ ವಾಸ.

ಇಷ್ಟು ಹೊಗಳಿದವನು ಅಲ್ಲೇ ಇನ್ನೊಂದನ್ನೂ ಸೇರಿಸುತ್ತಾನೆ. ಈ ಮುಸ್ಲಿಮರಿಗೂ ಊರವರಿಗೂ ಆಗಾಗ ಜಗಳ, ಕಾದಾಟ ನಡೆಯುತ್ತದಂತೆ. ಅರಸ ನಡುವೆ ಬಂದು ರಾಜಿ ಮಾಡಿಸುತ್ತಾನಂತೆ, ಏಕೆಂದರೆ ಅವನಿಗೆ ವರ್ತಕರು ಬೇಕು.

ಮುಂದಿನ ಪ್ರಸಂಗ ಇನ್ನೂ ಸ್ವಾರಸ್ಯಕರ. ಊರಿನ ಖಾಝಿ ಬದ್ರುದ್ದೀನ್, ತಮಿಳು ಕರಾವಳಿಯ ಮಅಬರ್ ಸೀಮೆಯವರು, ಶಾಫಿಈ ಪಂಥದ ವಿದ್ವಾಂಸರು, ವಿದ್ಯಾರ್ಥಿಗಳಿಗೆ ಪಾಠ ಹೇಳುವವರು. ಅವರು ಹಡಗಿಗೆ ಬಂದು ಅತಿಥಿಗಳನ್ನು ಊರಿಗೆ ಕರೆದರು. ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸಿದರೆ ಮಾತ್ರ ಇಳಿಯುತ್ತೇವೆಂದು ಇವರು ಹಟ ಹಿಡಿದರು. ಹಿಂದಿನ ಬಂದರಿನಲ್ಲಿ ಹಾಗೆಯೇ ಆಗಿತ್ತು. ಅಲ್ಲಿನ ಮುಸ್ಲಿಮರಿಗೆ ಬಲವಿಲ್ಲ, ಅದಕ್ಕೇ ಒತ್ತೆ ಬೇಕಾಯಿತು, ಇಲ್ಲಿನ ಅರಸ ನಮಗೆ ಹೆದರುತ್ತಾನೆ ಎಂದು ಖಾಝಿ ಸಮಾಧಾನ ಹೇಳಿದರು. ಅತಿಥಿಗಳು ಒಪ್ಪಲಿಲ್ಲ. ಕೊನೆಗೆ ರಾಜಕುಮಾರ ಹಡಗಿಗೆ ಬಂದ ಮೇಲೆಯೇ ಇಳಿದರು, ಮೂರು ದಿನ ಗೌರವದಿಂದ ಉಳಿದರು.

ವಿದ್ಯಾರ್ಥಿ ಮಿತ್ರರೇ, ಈ ಚಿಕ್ಕ ಪ್ರಸಂಗದಲ್ಲಿ ಒಂದೇ ಊರಿನ ಬಗ್ಗೆ ಮೂರು ಅಭಿಪ್ರಾಯಗಳಿವೆ. ಹೊರಗಿನಿಂದ ಬಂದವನಿಗೆ ಜಗಳದ ಸುದ್ದಿ ಮೊದಲು ಕಿವಿಗೆ ಬಿದ್ದಿದೆ, ಅದಕ್ಕೇ ಒತ್ತೆ ಕೇಳುತ್ತಾನೆ. ಊರಿನ ನಿವಾಸಿಯಾದ ಖಾಝಿಗೆ ಅದು ಮನೆ, ಹೆದರಿಕೆಯೇ ಇಲ್ಲ. ಅರಸನಿಗೆ ಎರಡು ಕಡೆಯವರೂ ಬೇಕು, ಮಗನನ್ನು ಕಳಿಸುವಷ್ಟು ಬೇಕು. ಖಾಝಿಯವರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ. ಅರಸ ನಮಗೆ ಹೆದರುತ್ತಾನೆಂಬುದು ಸರಿಯಾದ ಓದಲ್ಲ. ಹೆದರಿದ್ದರೆ ಅವನು ರಾಜಿ ಮಾಡಿಸುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದ. ಅವನಿಗೆ ಇದ್ದದ್ದು ಅಗತ್ಯ. ವರ್ತಕರಿಗೂ ಅರಸನ ಅಗತ್ಯವಿತ್ತು, ಊರವರಿಗೆ ಮೆಣಸು ಕೊಳ್ಳುವವರ ಅಗತ್ಯವಿತ್ತು. ಆ ಊರಿನ ಸೌಹಾರ್ದ ಆಕಾಶದಿಂದ ಇಳಿದದ್ದಲ್ಲ, ಕೆಟ್ಟಾಗಲೆಲ್ಲ ಯಾರೋ ಕೂತು ರಿಪೇರಿ ಮಾಡಿದ್ದು.

ಮುಂದಿನ ಶತಮಾನಗಳನ್ನು ಬೇಗ ದಾಟೋಣ. 1443ರಲ್ಲಿ ಹೆರಾತಿನ ರಾಯಭಾರಿ ಅಬ್ದುರ್ರಝಾಕ್ ವಿಜಯನಗರಕ್ಕೆ ಹೋಗುವ ದಾರಿಯಲ್ಲಿ ಎರಡು ಮೂರು ದಿನ ಇಲ್ಲಿ ತಂಗಿದ್ದ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಅಧಿಕಾರಿ ಬಾರ್ಬೊಸಾ, ಮುಸ್ಲಿಮರೂ ಹಿಂದೂಗಳೂ ಕೂಡಿ ಬಾಳುವ ದೊಡ್ಡ ಊರು ಇದು, ಇಲ್ಲಿನ ಕಂದುಬಣ್ಣದ ಅಕ್ಕಿ ಬಿಳಿ ಅಕ್ಕಿಗಿಂತ ಆರೋಗ್ಯಕರ ಎಂದಿದ್ದಾನೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಹಾಸ್ಟೆಲಿನಿಂದ ಮನೆಗೆ ಫೋನು ಮಾಡುವ ನಮ್ಮ ರಾಗಿಮುದ್ದೆಯ ಮಕ್ಕಳು ಇದನ್ನು ಓದಿಕೊಳ್ಳಲಿ. 1568ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಗೋವೆಯಿಂದ ಕೊಂಕಣಿ ಮಾತಾಡುವ ಸಾರಸ್ವತರೂ ಕ್ರೈಸ್ತರೂ ಕಾಲಕಾಲಕ್ಕೆ ಬಂದು ನೆಲೆಸಿದರು. 1763ರಲ್ಲಿ ಹೈದರ್ ಅಲಿಯ ಕೈ ಸೇರಿ ಮಂಗಳೂರು ಮೈಸೂರಿನ ನೌಕಾನೆಲೆಯಾಯಿತು.

1784ನ್ನು ಮಾತ್ರ ಬೇಗ ದಾಟುವಂತಿಲ್ಲ. ಮಂಗಳೂರಿಗಾಗಿ ಇಂಗ್ಲಿಷರೊಡನೆ ದೀರ್ಘ ಮುತ್ತಿಗೆಯ ಯುದ್ಧ ನಡೆದು, ಆ ವರ್ಷದ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಇಂಗ್ಲಿಷರಿಗೆ ಸೋಲೊಪ್ಪಿಸಿದ ಒಪ್ಪಂದವೆಂದು ನಾವು ಪಾಠಗಳಲ್ಲಿ ಹೆಮ್ಮೆಯಿಂದ ಓದುತ್ತೇವೆ. ಅದೇ ವರ್ಷ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನರ ಆಜ್ಞೆಯಂತೆ ಸಾವಿರಾರು ಕೊಂಕಣಿ ಕ್ರೈಸ್ತರನ್ನು, ಹೆಂಗಸರು ಮಕ್ಕಳೆನ್ನದೆ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. ಚರ್ಚುಗಳು ನೆಲಸಮವಾದವು. 1680ರಲ್ಲಿ ಕಟ್ಟಿದ ಮಿಲಾಗ್ರಿಸ್ ಚರ್ಚೂ ಅವುಗಳಲ್ಲಿ ಒಂದು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಉಳಿದವರು ಮರಳಿದ್ದು 1799ರ ನಂತರ. ಟಿಪ್ಪುವಿನ ಶೌರ್ಯವನ್ನು ಮೆಚ್ಚುವ ನಾವು ಈ ಪುಟವನ್ನು ಮಡಚಿಡುವುದು ಸಲ್ಲದು. ಅಪರಾಧ ಮಾಡಿದವರು ಯಾರೇ ಇರಲಿ, ಒಂದು ಸಮುದಾಯವನ್ನೇ ಶಿಕ್ಷಿಸಿದರೆ ಅದು ನ್ಯಾಯವಲ್ಲ. ಈ ಮಾತು ನಮಗೆ ಅನ್ವಯಿಸಿದಾಗ ಮಾತ್ರ ನಮಗೆ ನೆನಪಾಗಬಾರದು.

ಮರಳಿ ಬಂದವರು ಅದೇ ಊರಿನಲ್ಲಿ, ಅದೇ ನೆರೆಹೊರೆಯಲ್ಲಿ ಮತ್ತೆ ಮನೆ ಕಟ್ಟಿಕೊಂಡರು ಎಂಬುದನ್ನೂ ಗಮನಿಸಿ. ಊರಿನ ಬಗ್ಗೆ ಅವರ ಅಭಿಪ್ರಾಯ ಏನೆಂದು ಕೇಳಬೇಕಾಗಿಲ್ಲ, ಅದು ಆ ಮನೆಗಳಲ್ಲೇ ಇದೆ.

ಹೆಂಚು, ಪತ್ರಿಕೆ, ಬ್ಯಾಂಕು

ನಮ್ಮ ಹಳ್ಳಿಗಳ ಹಳೆಯ ಶಾಲೆ, ಚಾವಡಿ, ತೊಟ್ಟಿಮನೆಗಳ ಸೂರು ನೋಡಿದರೆ ಕೆಲವೆಡೆ ಇನ್ನೂ ಮಂಗಳೂರು ಹೆಂಚು ಕಾಣುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಅವರ ಮೊದಲ ಹೆಂಚಿನ ಕಾರ್ಖಾನೆ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಶುರುವಾಯಿತು. ನದಿಯ ಜೇಡಿಮಣ್ಣು, ಘಟ್ಟದ ಕಟ್ಟಿಗೆ, ಬಂದರಿನ ಹಡಗು ಮೂರೂ ಹತ್ತಿರವಿದ್ದುದರಿಂದ ಆ ಹೆಂಚು ಕಡಲಾಚೆಗೂ ಹೋಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದೂ ಇಲ್ಲೇ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಊರಿನಲ್ಲಿ, ಜರ್ಮನ್ ಪಾದ್ರಿಯೊಬ್ಬನ ಕೈಯಿಂದ ಕನ್ನಡ ಪತ್ರಿಕೆ!

ಆದರೆ ಶಾಲೆಗಳ ಆ ಊರಿನಲ್ಲಿ ಎಲ್ಲ ಮಕ್ಕಳಿಗೂ ಬೆಂಚು ಸಿಕ್ಕಿರಲಿಲ್ಲ. ದಲಿತ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಕುದ್ಮುಲ್ ರಂಗರಾಯರು ತಮ್ಮ ಜಾತಿಯವರ ಬಹಿಷ್ಕಾರ ಲೆಕ್ಕಿಸದೆ ಆ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಅದಕ್ಕೆಂದೇ ಸಂಸ್ಥೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ಮಂಗಳೂರು ಹೇಗಿತ್ತು ಎಂದು ಒಬ್ಬ ಕಾಲೇಜು ಪದವೀಧರನನ್ನೂ ಆ ಶಾಲೆಯ ಮಗುವಿನ ತಂದೆಯನ್ನೂ ಕೇಳಿದ್ದರೆ ಒಂದೇ ಉತ್ತರ ಬರುತ್ತಿರಲಿಲ್ಲ.

1906 ಈ ಕರಾವಳಿಗೆ ವಿಶೇಷ ವರ್ಷ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ ಕಟ್ಟಿದರು. ಪಕ್ಕದ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು 5,000 ರೂಪಾಯಿ ಮೂಲಧನದಿಂದ ಎಲ್ಲ ಸಮುದಾಯದವರ ಜೊತೆ ಸೇರಿ ಆರಂಭಿಸಿದರು. ಅದರ ಪ್ರಧಾನ ಕಚೇರಿ ಮುಂದೆ ಮಂಗಳೂರಿಗೆ ಬಂತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ, ಹಾಜಿಯವರು ನೆಟ್ಟ ಗಿಡದ ಹೆಸರು ಅಳಿಯಿತೆಂದು ಹಳಬರು ನೊಂದುಕೊಂಡರು. 1907ರಲ್ಲಿ ರೈಲು ಬಂತು, 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು, 1980ರಲ್ಲಿ ಕೊಣಾಜೆಯಲ್ಲಿ ವಿಶ್ವವಿದ್ಯಾಲಯ. ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಕಾಲೇಜುಗಳು ಒಂದರ ಪಕ್ಕ ಒಂದು ಎದ್ದವು. ಮುಸ್ಲಿಂ ಆಡಳಿತದ ಕಾಲೇಜುಗಳೂ ಬಂದವು. ಮನೆಮನೆಯಿಂದ ಒಬ್ಬರು ಗಲ್ಫಿಗೆ ಹೋಗಿ ಹಣ ಕಳಿಸಿದ್ದೂ ಇದರ ಹಿಂದಿದೆ.

ಈಗ ಅಲ್ಲಿರುವವರು ಏನೆನ್ನುತ್ತಾರೆ?

ನಮ್ಮ ಕಡೆಯಿಂದ ಹೋದ ಮುಸ್ಲಿಂ ವಿದ್ಯಾರ್ಥಿಗೆ ಮೊದಲ ಆಶ್ಚರ್ಯ ತನ್ನವರಿಂದಲೇ. ಇಲ್ಲಿ ಮನೆಯಲ್ಲಿ ದಖ್ಖನಿ ಉರ್ದು ಆಡುವ ಹುಡುಗ ಅಲ್ಲಿನ ಮಸೀದಿಯಲ್ಲಿ ಸಲಾಂ ಹೇಳಿ ಉರ್ದುವಿನಲ್ಲಿ ಮಾತು ಶುರು ಮಾಡಿದರೆ, ಎದುರಿನವರು ಬ್ಯಾರಿ ಭಾಷೆಯವರು, ನಕ್ಕು ಕನ್ನಡಕ್ಕೆ ಬರುತ್ತಾರೆ. ಅವರು ಶಾಫಿಈ, ನಮ್ಮವರು ಹನಫಿ. ಅಸರ್ ನಮಾಝಿನ ಹೊತ್ತು ಬೇರೆ, ಫಜರ್ ನಮಾಝಿನಲ್ಲಿ ಅವರು ಕುನೂತ್ ಓದುತ್ತಾರೆ. ಖಾಝಿ ಬದ್ರುದ್ದೀನರ ಪಾಠ ಆರುನೂರೆಂಬತ್ತು ವರ್ಷಗಳ ಮೇಲೂ ಮುಂದುವರಿದಿದೆ ಎಂದುಕೊಳ್ಳಿ. ನಮ್ಮ ಹುಡುಗ ಕನ್ನಡದಲ್ಲಿ ಏಕವಚನದಲ್ಲಿ ಸಲಿಗೆಯಿಂದ ಕರೆದರೆ ಅಲ್ಲಿ ಮುಖ ಸಣ್ಣಗಾಗುತ್ತದೆ. ಅಲ್ಲಿ ತರಕಾರಿಯವನನ್ನೂ ಬಹುವಚನದಲ್ಲಿ ಮಾತಾಡಿಸುತ್ತಾರೆ. ಸಮುದಾಯವೆಂದರೆ ಒಂದೇ ಅಚ್ಚಿನ ಇಟ್ಟಿಗೆಯಲ್ಲ ಎಂಬುದನ್ನು ಹುಡುಗರು ಕಲಿಯುವುದು ಅಲ್ಲೇ. 2011ರಲ್ಲಿ ಆ ಜಿಲ್ಲೆಯ ಜನಸಂಖ್ಯೆಯಲ್ಲಿ ಹಿಂದೂಗಳು ಸುಮಾರು ಶೇ. 67, ಮುಸ್ಲಿಮರು ಶೇ. 24, ಕ್ರೈಸ್ತರು ಶೇ. 8 ಇದ್ದರು. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ.

ಒಳ್ಳೆಯದನ್ನು ಹೇಳುವವರು ಆಸ್ಪತ್ರೆಯ ಬಗ್ಗೆ, ಸಮಯಕ್ಕೆ ಬರುವ ಸಿಟಿ ಬಸ್ಸಿನ ಬಗ್ಗೆ, ಹೆಣ್ಣುಮಕ್ಕಳು ಬುರ್ಖಾ ಧರಿಸಿ ಎಂಜಿನಿಯರಿಂಗ್ ಓದುವುದರ ಬಗ್ಗೆ ಹೇಳುತ್ತಾರೆ. ಉಳ್ಳಾಲ ದರ್ಗಾದ ಉರೂಸಿಗೆ ಎಲ್ಲ ಧರ್ಮದವರೂ ಬರುವುದನ್ನು, ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯವನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂಬ ಐತಿಹ್ಯವನ್ನು ನೆನೆಯುತ್ತಾರೆ. ದೂರುವವರು ಬಾಡಿಗೆ ಕೋಣೆ ಕೇಳಲು ಹೋದಾಗ ಹೆಸರು ಕೇಳಿದ ಮೇಲೆ ಕೋಣೆ ಖಾಲಿಯಿಲ್ಲವೆಂದದ್ದನ್ನು ಹೇಳುತ್ತಾರೆ. ಸಹಪಾಠಿಯೊಡನೆ ಐಸ್‌ಕ್ರೀಂ ತಿನ್ನಲು ಹೋದರೂ ಯಾರಾದರೂ ಬಂದು ಧರ್ಮ ಕೇಳುವರೇನೋ ಎಂಬ ಅಳುಕನ್ನು ಹೇಳುತ್ತಾರೆ.

ಅಳುಕಿಗೆ ಕಾರಣವಿಲ್ಲದಿಲ್ಲ. 2006ರ ಅಕ್ಟೋಬರಿನಲ್ಲಿ ಕೋಮುಗಲಭೆಯಾಗಿ ನಗರ ಕರ್ಫ್ಯೂವಿನಲ್ಲಿತ್ತು. 2008ರ ಸೆಪ್ಟೆಂಬರಿನಲ್ಲಿ ಚರ್ಚು, ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. 2009ರ ಜನವರಿ 24ರಂದು ಪಬ್ಬೊಂದರಲ್ಲಿದ್ದ ಯುವತಿಯರನ್ನು ಎಳೆದು ಹೊಡೆದರು. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ನಗರ ಮತ್ತು ಸುತ್ತಮುತ್ತ ಒಂದರ ಹಿಂದೆ ಒಂದು ಕೊಲೆ ನಡೆದು, ಎರಡೂ ಸಮುದಾಯದ ಮನೆಗಳಲ್ಲಿ ಹೆಣ ಬಿತ್ತು. ಸರ್ಕಾರ ಕೋಮುದ್ವೇಷ ತಡೆಯಲೆಂದೇ ವಿಶೇಷ ಕಾರ್ಯಪಡೆ ರಚಿಸಬೇಕಾಯಿತು. ಇದನ್ನೆಲ್ಲ ಮುಚ್ಚಿಟ್ಟು ಮಗುವನ್ನು ಕಳಿಸಿ ಎಂದರೆ ತಾಯಂದಿರು ನನ್ನನ್ನು ನಂಬುವುದಿಲ್ಲ, ನಂಬಲೂಬಾರದು.

ಅದೇ ನಗರದಲ್ಲಿ 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಬದುಕುಳಿದವರು ಎಂಟೇ ಜನ. ಬೆಂಕಿಯ ನಡುವೆ ಮೊದಲು ಓಡಿ ಇಳಿದವರಲ್ಲಿ ಸುತ್ತಲಿನ ಹಳ್ಳಿಯವರಿದ್ದರು, ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಗುರುತು ಸಿಗದ ಶವಗಳನ್ನು ಕೂಳೂರು ಬಳಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕವಿದೆ. ಹೋದರೆ ನೋಡಿಬನ್ನಿ.

ಹೊರಗಿನವರ ಭಯವನ್ನೇ ದೂರುತ್ತ ಕೂರುವುದೂ ಸರಿಯಲ್ಲ, ಒಳಗಿನ ಮನಸ್ತಾಪವೂ ಉಂಟು. ಕಾಸರಗೋಡಿನಲ್ಲಿ ಹುಟ್ಟಿ, ಮಲಯಾಳ ಮನೆಮಾತಿನವರಾಗಿ ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ನೆಲೆಸಿ ಬರೆದ ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖಿನ ಹೆಸರಿನಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ಬರೆದಾಗ ಅವರನ್ನು ಹೆಚ್ಚು ನೋಯಿಸಿದ್ದು ಬೇರೆ ಧರ್ಮದವರಲ್ಲ. 2023ರ ಜನವರಿ 10ರಂದು ಅವರು ತೀರಿಕೊಂಡಾಗ ಅದೇ ಸಮುದಾಯದ ಹೆಣ್ಣುಮಕ್ಕಳು, ಕಾಲೇಜು ಮೆಟ್ಟಿಲೇರಿದವರು, ಅವರ ಪುಸ್ತಕಗಳನ್ನು ಓದುತ್ತಿದ್ದರು.

ಕೊನೆಯದಾಗಿ ಒಬ್ಬ ನಿವಾಸಿಯ ವಿಷಯ ಹೇಳಿ ಮುಗಿಸುತ್ತೇನೆ. ನೇತ್ರಾವತಿಯಾಚೆಯ ಹರೇಕಳದ ಹಾಜಬ್ಬ ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ಶಾಲೆಗೆ ಹೋದವರಲ್ಲ. ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ, ಅವರು ಕೊಳ್ಳದೆ ಹೋದರು. ಆ ದೊಡ್ಡ ಊರು ಅವರಿಗೆ ಕೊಟ್ಟದ್ದು ಅಷ್ಟು ದಿನದ ಹೊಟ್ಟೆಪಾಡು, ಅದರ ಜೊತೆಗೆ ಈ ಅವಮಾನ. ಅವರು ಊರನ್ನು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಹಣ್ಣು ಮಾರಿದ ದುಡ್ಡಿನಲ್ಲಿ ಒಂದಷ್ಟು ಎತ್ತಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, ದಾನಿಗಳ ಮನೆಬಾಗಿಲು ತಟ್ಟಿ, ತಮ್ಮ ಹಳ್ಳಿ ನ್ಯೂಪಡ್ಪುವಿಗೆ ಸರ್ಕಾರಿ ಶಾಲೆ ತಂದರು. ಮೊದಲಿಗೆ ಇದ್ದದ್ದು 28 ಮಕ್ಕಳು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನಕ್ಕೆ ಅವರು ಬಿಳಿ ಅಂಗಿ, ಪಂಚೆ ತೊಟ್ಟು ಬರಿಗಾಲಲ್ಲೇ ನಡೆದು ಹೋದರು. ಆ ಹೊತ್ತಿಗೆ ನ್ಯೂಪಡ್ಪುವಿನ ಶಾಲೆ ಪ್ರೌಢಶಾಲೆಯಾಗಿತ್ತು. ಹಾಜಬ್ಬರು ಅಲ್ಲಿಗೆ ಪಿ.ಯು. ಕಾಲೇಜು ಬೇಕೆಂದು ಅರ್ಜಿ ಹಿಡಿದು ಓಡಾಡುತ್ತಿದ್ದರು.